ಬಿಟ್ಟುಕೊಂಡ ಬೆಸುಗೆಯ ಮುಖ ಓದುವುದು: ಕುಲುಮೆ ಬೆಸುಗೆಗೆ ದೋಷ ನಿವಾರಣೆ ಕೈಪಿಡಿ

ಕುಲುಮೆಯಲ್ಲಿ ಕಾಸಿ ಬಡಿದ ಎರಡು ಕಬ್ಬಿಣ ಒಂದಾಗದೆ ಬಿಟ್ಟುಕೊಂಡಾಗ ಹೊಸಬರು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ: ಇನ್ನೊಂದಿಷ್ಟು ಬಿಳಿಗಾರ (ಬೋರಾಕ್ಸ್) ಸುರಿದು, ಬ್ಲೋವರ್ ಪೂರ್ತಿ ಬಿಟ್ಟು, ಮತ್ತೆ ಬೆಂಕಿಗೆ ತುರುಕುವುದು. ಇದರಿಂದ ಬೆಸುಗೆ ಹಿಡಿಯುವುದು ಅಪರೂಪ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಯಾಕೆ ಹಿಡಿಯಲಿಲ್ಲ ಎಂಬ ಗುರುತೇ ಅಳಿಸಿಹೋಗುತ್ತದೆ. ಬಿಟ್ಟುಕೊಂಡ ಎರಡು ಮುಖಗಳಲ್ಲಿ ತಪ್ಪು ಎಲ್ಲಿ ಆಯಿತೆಂಬುದು ಬಹುಪಾಲು ಬರೆದೇ ಇರುತ್ತದೆ. ಆದ್ದರಿಂದ ಈ ಕೈಪಿಡಿಯ ಮೊದಲ ಹೆಜ್ಜೆ ಬೆಂಕಿಯಲ್ಲಿಲ್ಲ, ವೈಸ್‌ನಲ್ಲಿದೆ. ತಣಿಸಿ, ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ಆಮೇಲೆ ಬೆಂಕಿ.

ಇಲ್ಲಿ ಹೇಳಿರುವುದೆಲ್ಲ ಇದ್ದಿಲು ಅಥವಾ ಕಲ್ಲಿದ್ದಲಿನ ಸಣ್ಣ ಕುಲುಮೆ, 1ರಿಂದ 1.5 ಕೆ.ಜಿ. ಸುತ್ತಿಗೆ, ಗಟ್ಟಿಯಾಗಿ ಹೂತ ಅಡಿಗಲ್ಲು (ಕಾದ ಕಬ್ಬಿಣ ಇಟ್ಟು ಬಡಿಯುವ ಪೀಠ) ಅಥವಾ ರೈಲು ಕಂಬಿಯ ತುಂಡು ಇರುವವರಿಗೆ. ಗ್ಯಾಸ್ ಕುಲುಮೆಯವರಿಗೆ ಬೆಂಕಿಯ ಭಾಗ ಹೊಂದುವುದಿಲ್ಲ, ಉಳಿದದ್ದು ಹೊಂದುತ್ತದೆ.

ಅಭ್ಯಾಸದ ತುಂಡು ಯಾವುದಿರಬೇಕು

ದೋಷ ಹುಡುಕುವಾಗ ತುಂಡು ಪ್ರತಿ ಸಲವೂ ಒಂದೇ ಅಳತೆಯದಾಗಿರಬೇಕು, ಇಲ್ಲದಿದ್ದರೆ ಏನು ಬದಲಾಯಿತೆಂದು ತಿಳಿಯುವುದಿಲ್ಲ. 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಹೊಸ ಎಂಎಸ್ (ಮೈಲ್ಡ್ ಸ್ಟೀಲ್, ಕಾರ್ಬನ್ ಕಡಿಮೆಯಿರುವ ಮೆದು ಉಕ್ಕು) ಪಟ್ಟಿಯನ್ನು ಅಂಗಡಿಯಿಂದ ತನ್ನಿ. 40 ಸೆಂ.ಮೀ. ಉದ್ದ ಕತ್ತರಿಸಿ. ಒಂದು ತುದಿಯ 8 ಸೆಂ.ಮೀ. ಭಾಗವನ್ನು ಕಾಸಿ ತನ್ನ ಮೇಲೆಯೇ ಮಡಚಿದರೆ ಅಭ್ಯಾಸದ ತುಂಡು ಸಿದ್ಧ. ಪೂರ್ತಿ ಒತ್ತುವ ಮುಂಚೆ ಒಳಮುಖ ಎರಡನ್ನೂ ಗ್ರೈಂಡರ್‌ನಿಂದ ಹೊಳಪು ಬರುವ ತನಕ ಉಜ್ಜಿ, ತೆರೆದ ಬಾಯಲ್ಲಿ 2–3 ಮಿ.ಮೀ. ಸಂದು ಬಿಡಿ. ಎರಡು ಬಿಡಿ ಸರಳುಗಳನ್ನು ಎರಡು ಇಕ್ಕಳದಲ್ಲಿ ಹಿಡಿದು ಬೆಸೆಯುವ ಕೆಲಸಕ್ಕೆ ಮೊದಲೇ ಕೈ ಹಾಕಬೇಡಿ. ಮಡಚಿದ ತುಂಡಿನಲ್ಲಿ ಎರಡು ಪದರವೂ ತಾವಾಗಿಯೇ ಜೊತೆಗಿರುತ್ತವೆ, ಹಾಗಾಗಿ ಕೈಚಳಕದ ತಪ್ಪು ಲೆಕ್ಕದಿಂದ ಹೊರಗುಳಿದು ಬೆಂಕಿ, ಕಾವು, ಶುಚಿ ಇವಷ್ಟೇ ಪರೀಕ್ಷೆಗೆ ಬರುತ್ತವೆ.

ಕುಲುಮೆ ಬೆಸುಗೆಯಲ್ಲಿ ಕಬ್ಬಿಣ ಕರಗುವುದಿಲ್ಲ. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಂಎಸ್ ಬೆಸೆದುಕೊಳ್ಳುವುದು ಹೆಚ್ಚುಕಡಿಮೆ 1250ರಿಂದ 1350 ಡಿಗ್ರಿಯೊಳಗೆ. ಆ ಕಾವಿನಲ್ಲಿ ಎರಡು ಬರಿಯ ಲೋಹದ ಮುಖಗಳು ನಡುವೆ ಏನೂ ಇಲ್ಲದೆ ಒತ್ತಿಕೊಂಡರೆ ಒಂದಾಗುತ್ತವೆ. ಆಗಲಿಲ್ಲವೆಂದರೆ ಕಾವು ಸಾಲಲಿಲ್ಲ, ಇಲ್ಲವೇ ನಡುವೆ ಏನೋ ಸೇರಿಕೊಂಡಿದೆ, ಇಲ್ಲವೇ ಮುಖಗಳು ಮುಟ್ಟಲೇ ಇಲ್ಲ. ನಾಲ್ಕನೆಯ ಕಾರಣ ಅತಿ ಕಾವು. ಅದು ಬೆಸುಗೆಯನ್ನಲ್ಲ, ಲೋಹವನ್ನೇ ಕೆಡಿಸುತ್ತದೆ.

ಬಿಡಿಸಿ ನೋಡುವ ಕ್ರಮ

ತುಂಡನ್ನು ನೀರಿಗೆ ಅದ್ದಬೇಡಿ. ಬೂದಿಯಲ್ಲಿ ಅಥವಾ ಗಾಳಿಯಲ್ಲೇ ಆರಲಿ. ಆರಿದ ಮೇಲೆ ವೈಸ್‌ನಲ್ಲಿ ಹಿಡಿದು, ಮಡಿಕೆಯ ತೆರೆದ ಬಾಯಿಗೆ ಚಪ್ಪಟೆ ಉಳಿ ಇಟ್ಟು ಹೊಡೆಯಿರಿ. ಎಷ್ಟು ಹೊಡೆತಕ್ಕೆ ಬಿಟ್ಟಿತು, ಎಲ್ಲಿಂದ ಎಲ್ಲಿಗೆ ಬಿಟ್ಟಿತು ಎಂಬುದನ್ನು ಗಮನಿಸಿ. ಕಣ್ಣಿಗೆ ಕನ್ನಡಕ ಇರಲಿ. ಒಳಗೆ ಸಿಕ್ಕ ಗಾಜಿನಂಥ ಕಿಟ್ಟ (ಕರಗಿ ಗಟ್ಟಿಯಾದ ಕಲ್ಮಶ) ಚೂರಾಗಿ ಸಿಡಿಯುತ್ತದೆ.

ಈಗ ಎರಡು ಮುಖಗಳನ್ನು ಬಿಸಿಲಿಗೆ ಹಿಡಿದು ನೋಡಿ.

ಮುಖ ಪೂರ್ತಿ ನುಣುಪಾಗಿ, ಬೂದು ಅಥವಾ ನೀಲಿಗಪ್ಪು ಬಣ್ಣದ ಹಕ್ಕಳೆ (ಕಾದ ಕಬ್ಬಿಣಕ್ಕೆ ಗಾಳಿ ತಾಗಿ ಕಟ್ಟುವ ಪದರ) ಕಟ್ಟಿಕೊಂಡಿದ್ದು, ಒಂದೇ ಹೊಡೆತಕ್ಕೆ ತೆರೆದುಕೊಂಡಿದ್ದರೆ ಅಲ್ಲಿ ಬೆಸುಗೆ ಶುರುವೇ ಆಗಿಲ್ಲ. ಒಂದೋ ಕಾವು ಬೆಸುಗೆಯ ಮಟ್ಟ ಮುಟ್ಟಿಲ್ಲ, ಅಥವಾ ಕಾವೇರುವ ದಾರಿಯಲ್ಲೇ ಒಳಗೆ ಗಾಳಿ ಹೊಕ್ಕು ಹಕ್ಕಳೆ ಕಟ್ಟಿದೆ. ಇವೆರಡನ್ನೂ ಬೇರೆ ಮಾಡಲು ಮುಖವನ್ನು ಉಗುರಿನಿಂದ ಕೆರೆದು ನೋಡಿ. ಹಕ್ಕಳೆ ತೆಳುವಾಗಿದ್ದು, ಮೊದಲು ಉಜ್ಜಿದ ಗ್ರೈಂಡರ್ ಗೆರೆಗಳು ಕೆಳಗೆ ಇನ್ನೂ ಕಾಣುತ್ತಿದ್ದರೆ ಕಾವು ಸಾಲದು. ಹಕ್ಕಳೆ ದಪ್ಪವಾಗಿ ಪದರು ಪದರಾಗಿ ಏಳುತ್ತಿದ್ದು ಗೆರೆಗಳು ಅಳಿಸಿಹೋಗಿದ್ದರೆ ಬೆಂಕಿಯಲ್ಲಿ ಗಾಳಿ ಹೆಚ್ಚು.

ಮುಖದ ಮೇಲೆ ಕಪ್ಪು ಅಥವಾ ಹಸಿರುಗಪ್ಪು ಗಾಜಿನ ಪೊರೆ ಇದ್ದರೆ ಬಿಳಿಗಾರವೂ ಹಕ್ಕಳೆಯೂ ಕರಗಿ ಬೆರೆತಿವೆ, ಆದರೆ ಹೊರಗೆ ಹೋಗಲು ದಾರಿ ಸಿಕ್ಕಿಲ್ಲ. ಕಾವು ಸಾಕಷ್ಟು ಹತ್ತಿರಕ್ಕೆ ಬಂದಿತ್ತು ಎಂಬುದಕ್ಕೂ ಇದು ಗುರುತು. ತಪ್ಪು ಹೊಡೆದ ಕ್ರಮದಲ್ಲಿ, ಮುಖದ ಆಕಾರದಲ್ಲಿ ಅಥವಾ ಬಿಳಿಗಾರದ ಪ್ರಮಾಣದಲ್ಲಿ ಇದೆ.

ಅಲ್ಲಲ್ಲಿ ಬೆಳ್ಳಗೆ ಹರಳುಹರಳಾಗಿ ಹರಿದ ಕಲೆಗಳಿದ್ದು ಉಳಿದ ಕಡೆ ಕಪ್ಪಾಗಿದ್ದರೆ, ಬೆಳ್ಳಗಿರುವ ಕಡೆಯಲ್ಲಿ ನಿಜವಾದ ಬೆಸುಗೆ ಆಗಿತ್ತು. ನಡುವೆ ಬೆಳ್ಳಗೆ, ಅಂಚು ಕಪ್ಪಗೆ ಎಂದರೆ ಅಂಚು ಬೇಗ ಆರಿದೆ. ಅಂಚು ಬೆಳ್ಳಗೆ, ನಡುವೆ ಕಪ್ಪು ಅಥವಾ ಗಾಜು ಎಂದರೆ ಮುಖ ತಗ್ಗಾಗಿತ್ತು, ಅಂಚು ಮೊದಲು ಮುಚ್ಚಿ ಕಿಟ್ಟ ಒಳಗೆ ಸೆರೆಯಾಯಿತು. ಒಂದು ಬದಿ ಬೆಳ್ಳಗೆ, ಇನ್ನೊಂದು ಬದಿ ಕಪ್ಪಗೆ ಎಂದರೆ ತುಂಡು ಬೆಂಕಿಯಲ್ಲಿ ಸಮನಾಗಿ ಕಾದಿಲ್ಲ. ಇಕ್ಕಳ ತಿರುಗಿಸಿ ಹಿಡಿದಿಲ್ಲ.

ಮುಖ ಒರಟಾಗಿ, ಕಾಳು ಕಾಳಾಗಿ ಉದುರುತ್ತಿದ್ದು, ಅಂಚಿನಲ್ಲಿ ತಿಂದುಹಾಕಿದ ಹಾಗೆ ತೂತು, ಬಿರುಕು ಕಂಡರೆ ಕಬ್ಬಿಣ ಸುಟ್ಟಿದೆ. ಸುಟ್ಟ ಕಬ್ಬಿಣಕ್ಕೆ ಮದ್ದಿಲ್ಲ. ಅಷ್ಟು ಭಾಗವನ್ನೂ ಅದರ ಹಿಂದಿನ 2 ಸೆಂ.ಮೀ. ಭಾಗವನ್ನೂ ಕತ್ತರಿಸಿ ಎಸೆಯಿರಿ.

ಕೊನೆಯದು: ಬೆಸುಗೆ ಬಿಡಲೇ ಇಲ್ಲ, ಅದರ ಪಕ್ಕದಲ್ಲಿ ಸರಳು ಮುರಿಯಿತು. ಇದನ್ನು ಗೆಲುವೆಂದು ತಿಳಿದು ಮುಂದೆ ಹೋಗುವವರು ಬಹಳ. ಕುಂಟೆಗೋ ಗುದ್ದಲಿಗೋ ಹಾಕಿದ ಬೆಸುಗೆ ಹೀಗೆ ಮುರಿದರೆ ರೈತನ ಕಾಲಿಗೆ ಪೆಟ್ಟು. ಇದಕ್ಕೆ ಮುಂದೆ ಬೇರೆಯಾಗಿ ಉತ್ತರ ಇದೆ.

ಬೆಂಕಿ: ಅರ್ಧಕ್ಕಿಂತ ಹೆಚ್ಚು ದೋಷಗಳ ಮನೆ

ಹಕ್ಕಳೆ ಕಟ್ಟಿದ ಮುಖ ಕಂಡಾಗ ಮೊದಲು ಅನುಮಾನ ಪಡಬೇಕಾದದ್ದು ಬಿಳಿಗಾರವನ್ನಲ್ಲ, ಬೆಂಕಿಯ ಆಳವನ್ನು. ಗಾಳಿಬಾಯಿಯಿಂದ (ಕುಲುಮೆಗೆ ಗಾಳಿ ಹೊಕ್ಕುವ ತೂತು) ಬರುವ ಗಾಳಿಯಲ್ಲಿನ ಆಮ್ಲಜನಕ ಕೆಂಡದ ರಾಶಿಯನ್ನು ದಾಟುತ್ತಾ ಮೇಲೇರುವಾಗ ಕೆಂಡಕ್ಕೇ ಖರ್ಚಾಗಬೇಕು. ಕೆಂಡ ತೆಳುವಾಗಿದ್ದರೆ ಉಳಿದ ಆಮ್ಲಜನಕ ನೇರವಾಗಿ ಕಬ್ಬಿಣವನ್ನು ಹಿಡಿಯುತ್ತದೆ. ಇದ್ದಿಲಿನ ಕುಲುಮೆಯಲ್ಲಿ ಗಾಳಿಬಾಯಿಯ ಮೇಲೆ ಒಟ್ಟು 15–20 ಸೆಂ.ಮೀ. ಕೆಂಡ ಇರಬೇಕು. ತುಂಡು ಗಾಳಿಬಾಯಿಗಿಂತ 8–10 ಸೆಂ.ಮೀ. ಮೇಲೆ, ಅಡ್ಡಡ್ಡ ಮಲಗಿರಬೇಕು. ಅದರ ಮೇಲೆ ಕಡಿಮೆಯೆಂದರೆ 5 ಸೆಂ.ಮೀ. ಕೆಂಡ ಹೊದಿಸಿರಬೇಕು. ತುದಿಯನ್ನು ಕೆಳಮುಖವಾಗಿ ಗಾಳಿಬಾಯಿಯ ಕಡೆ ಚುಚ್ಚಿ ಇಡುವ ಅಭ್ಯಾಸ ಬಿಡಿ. ಅಲ್ಲಿ ಕಾವು ಹೆಚ್ಚು ಎಂಬುದು ನಿಜ, ಆದರೆ ಗಾಳಿಯೂ ಅಲ್ಲೇ ಹೆಚ್ಚು.

ಬೆಂಕಿ ಸರಿಯಿದೆಯೇ ಎಂದು ತಿಳಿಯಲು ಬೆಸುಗೆಯೇ ಬೇಕಿಲ್ಲ. ಉಜ್ಜಿ ಹೊಳಪು ಮಾಡಿದ ಒಂದು ಸರಳನ್ನು ಬಿಳಿಗಾರ ಹಾಕದೆ ಕೆಂಡದ ನಡುವೆ ಇಟ್ಟು ಹಳದಿ ಕಾವಿಗೆ ತನ್ನಿ, ಒಂದು ನಿಮಿಷ ಹಿಡಿದು ಹೊರಗೆ ತೆಗೆದ ಕ್ಷಣವೇ ನೋಡಿ. ಮೈ ನುಣುಪಾಗಿದ್ದು, ಹೊರಗಿನ ಗಾಳಿ ತಾಗಿದ ಮೇಲಷ್ಟೇ ಹಕ್ಕಳೆ ಕಟ್ಟತೊಡಗಿದರೆ ಬೆಂಕಿ ಸರಿ. ಬರುವಾಗಲೇ ದಪ್ಪ ಹಕ್ಕಳೆ ಹೊತ್ತು ಬಂದರೆ ಆ ಬೆಂಕಿಯಲ್ಲಿ ಎಷ್ಟು ಬಿಳಿಗಾರ ಸುರಿದರೂ ಬೆಸುಗೆ ಕಷ್ಟ. ಆಗ ಕೆಂಡದ ಆಳ ಹೆಚ್ಚಿಸಿ, ಗಾಳಿ ಕಡಿಮೆ ಮಾಡಿ, ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಮಾರುಕಟ್ಟೆಯಲ್ಲಿ ಸಿಗುವ ಕರೆಂಟ್ ಬ್ಲೋವರ್‌ಗಳ ಗಾಳಿ ಸಣ್ಣ ಕುಲುಮೆಗೆ ವಿಪರೀತ ಹೆಚ್ಚು. ಬ್ಲೋವರ್ ಮತ್ತು ಕುಲುಮೆಯ ನಡುವಿನ ಪೈಪಿಗೆ ತಗಡಿನ ಅಡ್ಡಬಾಗಿಲು ಹಾಕಿ, ಗಾಳಿ ಕೈಯಲ್ಲೇ ಹೆಚ್ಚುಕಡಿಮೆ ಆಗುವಂತೆ ಮಾಡಿಕೊಳ್ಳಿ. ವೋಲ್ಟೇಜ್ ಏರಿಳಿಯುವ ಹಳ್ಳಿಗಳಲ್ಲಿ ಬೆಸುಗೆ ಕಾವಿಗೆ ಬರುವ ಹೊತ್ತಿಗೆ ಗಾಳಿ ಕುಸಿಯುವುದುಂಟು. ಕೈ ತಿರುಗಣಿಯ ಬ್ಲೋವರ್ ಅಥವಾ ತಿದಿ ಇದ್ದವರೇ ಅಂಥ ಕಡೆ ನೆಮ್ಮದಿಯಾಗಿ ಕಲಿಯುತ್ತಾರೆ ಎಂಬುದು ನಮ್ಮ ಅಭಿಪ್ರಾಯ. ಗಾಳಿ ಎಷ್ಟು ಬೇಕೆಂದು ಕೈಗೇ ತಿಳಿಯುತ್ತಾ ಹೋಗುತ್ತದೆ.

ಚಳ್ಳಕೆರೆ, ಹಿರಿಯೂರು ಕಡೆಯಿಂದ ಬರುವ ಬಳ್ಳಾರಿ ಜಾಲಿಯ ಇದ್ದಿಲು ಗಟ್ಟಿಯಾದದ್ದು, ಕಾವು ಚೆನ್ನಾಗಿ ನಿಲ್ಲುತ್ತದೆ, ಬೆಸುಗೆಗೆ ಒಳ್ಳೆಯದು. ತೊಂದರೆ ಇರುವುದು ಅದನ್ನು ಸುಡುವ ರೀತಿಯಲ್ಲಿ. ಮಣ್ಣು ಮುಚ್ಚಿ ಸುಟ್ಟ ಇದ್ದಿಲಿನ ಜೊತೆ ಮಣ್ಣು, ಮರಳು ಚೀಲಕ್ಕೆ ಬರುತ್ತವೆ. ಅವು ಬೆಂಕಿಯಲ್ಲಿ ಕರಗಿ, ಗಾಳಿಬಾಯಿಯ ಸುತ್ತ ಅಂಟಂಟಾದ ಕಿಟ್ಟವಾಗಿ, ಕಬ್ಬಿಣದ ಮೇಲೂ ಹತ್ತುತ್ತವೆ. ಚೀಲ ಬಿಚ್ಚಿದ ಮೇಲೆ ಜರಡಿ ಹಿಡಿಯಿರಿ. 2ರಿಂದ 4 ಸೆಂ.ಮೀ. ಚೂರುಗಳನ್ನು ಬೆಸುಗೆಗೆ ಇಟ್ಟುಕೊಳ್ಳಿ. ದೊಡ್ಡ ತುಂಡುಗಳ ನಡುವೆ ಸಂದು ಉಳಿದು ಗಾಳಿ ಕಬ್ಬಿಣದವರೆಗೆ ನುಗ್ಗುತ್ತದೆ. ಪುಡಿ ಗಾಳಿಯನ್ನೇ ಕಟ್ಟುತ್ತದೆ. ನೆಂದ ಇದ್ದಿಲು ಚಟಪಟ ಸಿಡಿಯುತ್ತದೆ, ಆ ಕಿಡಿಗಳ ನಡುವೆ ಕಬ್ಬಿಣದ ಕಿಡಿ ಗುರುತಿಸುವುದು ಕಷ್ಟ.

ಕಲ್ಲಿದ್ದಲು ಬಳಸುವವರು ಹಸಿ ಕಲ್ಲಿದ್ದಲನ್ನು ನೇರವಾಗಿ ಕಬ್ಬಿಣದ ಮೇಲೆ ಸುರಿಯಬಾರದು. ಹಳದಿ ಹೊಗೆ ಏಳುವಷ್ಟು ಹೊತ್ತು ಅದರಲ್ಲಿ ಗಂಧಕ ಇದೆ, ಅದು ಬೆಸುಗೆಗೆ ವಿಷ. ಬದಿಯಲ್ಲಿಟ್ಟು ಹೊಗೆ ಹೋಗಿ ಹಗುರಾದ ಕೋಕ್ ಆದ ಮೇಲೆ ನಡುವಿಗೆ ಎಳೆಯಿರಿ. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಗಾಳಿ ನಿಲ್ಲಿಸಿ ಎರಡು ನಿಮಿಷ ಬಿಟ್ಟರೆ ತಳದ ಕಿಟ್ಟ ಗಟ್ಟಿಯಾಗುತ್ತದೆ, ಕೊಕ್ಕೆಯಿಂದ ಒಂದೇ ಗಟ್ಟಿಯಾಗಿ ಎತ್ತಿ ತೆಗೆಯಬಹುದು. ಬೆಂಕಿಯ ನಡುವೆ ಮಂಕು ಚುಕ್ಕೆ ಕಂಡರೆ, ಬ್ಲೋವರ್ ಅದೇ ವೇಗದಲ್ಲಿದ್ದರೂ ಕೆಂಡ ಮಂದವಾದರೆ, ತಳದಲ್ಲಿ ಕಿಟ್ಟ ತುಂಬಿದೆಯೆಂದೇ ಅರ್ಥ. ಕಿಟ್ಟ ತುಂಬಿದ ಬೆಂಕಿಯಲ್ಲಿ ಬೆಸುಗೆಗೆ ಕೂರಬೇಡಿ.

ಇನ್ನು ಇಲ್ಲಿನ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗದ ಬಯಲಲ್ಲಿ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಪಡುವಣ ಗಾಳಿ ತೆರೆದ ಚಪ್ಪರದ ಕುಲುಮೆಗೂ ನುಗ್ಗುತ್ತದೆ. ಕೆಂಡದ ಒಂದು ಬದಿ ಬೆಳ್ಳಗೆ, ಇನ್ನೊಂದು ಬದಿ ಕೆಂಪಗೆ ಇರುತ್ತದೆ. ಹಾಕಿದ ಬಿಳಿಗಾರದ ಪುಡಿ ಹಾರಿಹೋಗುತ್ತದೆ. ಕುಲುಮೆಯಿಂದ ಅಡಿಗಲ್ಲಿಗೆ ಬರುವಷ್ಟರಲ್ಲಿ ತುಂಡು ಎಂದಿಗಿಂತ ಬೇಗ ಆರುತ್ತದೆ. ಪಡುವಣ ಬದಿಗೆ ತಗಡು ಅಥವಾ ತಟ್ಟಿ ಕಟ್ಟಿ. ಆದರೆ ನಾಲ್ಕೂ ಬದಿ ಮುಚ್ಚಬೇಡಿ. ಆಳದ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ತಲೆನೋವು, ಓಕರಿಕೆ ಬಂದರೆ ಕೂಡಲೇ ಹೊರಗೆ ಬನ್ನಿ.

ಕಾವು ಕಣ್ಣಿಗೆ ಸಿಗುವುದು ಹೇಗೆ

ಮಾರ್ಚಿಯಿಂದ ಮೇ ತನಕ ದಾವಣಗೆರೆಯ ಬಿಸಿಲಲ್ಲಿ ಹೊರಗೆ ಕುಲುಮೆ ಹಾಕಿ ಬಣ್ಣ ನೋಡಲು ಹೋದರೆ ಮೋಸ ಹೋಗುವುದು ಖಂಡಿತ. ಬಿಸಿಲಿಗೆ ಹಳದಿಯೂ ಕಿತ್ತಳೆಯ ಹಾಗೆ ಮಂಕಾಗಿ ಕಾಣುತ್ತದೆ. ಇನ್ನೂ ಕಾದಿಲ್ಲವೆಂದು ಕಾಯುತ್ತಾ ಕೂತರೆ ಕಬ್ಬಿಣ ಸುಡುತ್ತದೆ. ನೆರಳಲ್ಲಿ, ಸಾಧ್ಯವಾದರೆ ಬೆಳಗ್ಗೆ ಅಥವಾ ಸಂಜೆ, ಪ್ರತಿ ಸಲವೂ ಅದೇ ಬೆಳಕಿನಲ್ಲಿ ಕೆಲಸ ಮಾಡಿ.

ನೆರಳಿನಲ್ಲಿ ಕಾಣುವ ಬಣ್ಣಗಳು ಅಂದಾಜಿಗೆ ಹೀಗೆ: ಕಿತ್ತಳೆ 950–1000 ಡಿಗ್ರಿ, ಹಳದಿ 1050–1150, ತಿಳಿ ಹಳದಿ 1200, ಬೆಳ್ಳಗಿನ ಹಳದಿ 1300. ಎಂಎಸ್ ಪಟ್ಟಿಗೆ ಬೇಕಾದದ್ದು ತಿಳಿ ಹಳದಿ ದಾಟಿ ಬೆಳ್ಳಗೆ ತಿರುಗುವ ಹಂತ. ಬಣ್ಣಕ್ಕಿಂತ ನಂಬಿಕೆಯ ಗುರುತು ಮೈಯ ಹೊಳಪು: ಬೆಸುಗೆ ಕಾವಿನಲ್ಲಿ ಮೈ ಒದ್ದೆಯಾದಂತೆ ಹೊಳೆಯುತ್ತದೆ, ಬಿಳಿಗಾರ ನೀರಾಗಿ ಹರಿದು ಸಣ್ಣಗೆ ಹೊಗೆಯಾಡುತ್ತದೆ. 3 ಮಿ.ಮೀ. ತಂತಿಯ ತುದಿಯಿಂದ ಬೆಂಕಿಯೊಳಗೇ ತುಂಡನ್ನು ಮೆಲ್ಲಗೆ ಮುಟ್ಟಿ ನೋಡಿ. ತಂತಿ ಅಂಟಿ, ಎಳೆದರೆ ಬಿಟ್ಟುಕೊಂಡರೆ ಕಾವು ಬಂದಿದೆ.

ಕಿಡಿಯ ವಿಷಯ. ಇದ್ದಿಲಿನ ಕಿಡಿ ಕಿತ್ತಳೆ ಬಣ್ಣದ್ದು, ಬೆಂಕಿಯ ಜೊತೆ ತೇಲುತ್ತಾ ಮೇಲೆ ಹೋಗುತ್ತದೆ. ಕಬ್ಬಿಣದ ಕಿಡಿ ಬಿಳಿ, ತುಂಡಿನಿಂದಲೇ ಚಿಮ್ಮಿ ಕವಲೊಡೆಯುತ್ತದೆ. ಎಂಎಸ್‌ನಲ್ಲಿ ಒಂದೆರಡು ಬಿಳಿ ಕಿಡಿ ಚಿಮ್ಮಿದರೆ ಅದೇ ಕೊನೆಯ ಗಡಿ, ಕೂಡಲೇ ತೆಗೆಯಬೇಕು. ಧಾರಾಳವಾಗಿ ಚಿಮ್ಮುತ್ತಿದ್ದರೆ ತಡವಾಗಿದೆ. ಕಾರ್ಬನ್ ಹೆಚ್ಚಿರುವ ಉಕ್ಕಿನಲ್ಲಿ ಕಿಡಿಗಾಗಿ ಕಾಯಲೇಬಾರದು. ಅದು 1100–1200 ಡಿಗ್ರಿಯಲ್ಲೇ ಬೆಸೆದುಕೊಳ್ಳುತ್ತದೆ, ಸುಡುವುದೂ ಬೇಗ.

ಹೊರಮೈ ಕಾದರೆ ಒಳಗೂ ಕಾದಿದೆ ಎಂದಲ್ಲ. ಮಡಚಿದ ಪಟ್ಟಿ 12 ಮಿ.ಮೀ. ದಪ್ಪ, ಬೆಸೆಯಬೇಕಾದ ಮುಖ ಅದರ ನಟ್ಟನಡುವೆ ಇದೆ. ಮೈ ಹಳದಿಗೆ ಬಂದಾಗ ಗಾಳಿ ತಗ್ಗಿಸಿ, 20–30 ಸೆಕೆಂಡು ಹಾಗೇ ನೆನೆಯಲು ಬಿಟ್ಟು, ತುಂಡನ್ನು ಮಗುಚಿ, ಮತ್ತೆ ನಿಧಾನ ಗಾಳಿಯಲ್ಲಿ ಬೆಸುಗೆ ಕಾವಿಗೆ ತನ್ನಿ. ಹೊರಗೆ ಸುಟ್ಟ ಗುರುತು, ಒಳಗೆ ಗ್ರೈಂಡರ್ ಗೆರೆ ಎರಡೂ ಒಂದೇ ತುಂಡಿನಲ್ಲಿ ಸಿಕ್ಕರೆ ಅದು ಅವಸರದ ಗಾಳಿಯ ಕೆಲಸ. ಬ್ಲೋವರ್ ಹೊಸದಾಗಿ ತಂದವರ ತುಂಡುಗಳಲ್ಲಿ ಇದು ಬಹಳ ಕಾಣುತ್ತದೆ.

ಈ ಬೆಳಕನ್ನು ಬರಿಗಣ್ಣಿನಿಂದ ಬಹಳ ಹೊತ್ತು ದಿಟ್ಟಿಸಬಾರದು. ತೆಳು ಹಸಿರು ಗಾಜಿನ, ಶೇಡ್ 2 ಅಥವಾ 3 ಕನ್ನಡಕ ಸಾಕು. ಒಮ್ಮೆ ಹಾಕಿದರೆ ಯಾವಾಗಲೂ ಅದನ್ನೇ ಹಾಕಿ, ಇಲ್ಲದಿದ್ದರೆ ಬಣ್ಣದ ಅಂದಾಜು ತಪ್ಪುತ್ತದೆ.

ಬಿಳಿಗಾರ

ಗ್ರಂಥಿಗೆ ಅಂಗಡಿಯಲ್ಲಿ ಹರಳಾಗಿ ಸಿಗುವ ಬಿಳಿಗಾರವೇ ಸಾಕು, 250 ಗ್ರಾಂ ಬಹಳ ದಿನ ಬರುತ್ತದೆ. ಆದರೆ ಹಾಗೆಯೇ ಹಾಕಬೇಡಿ. ಆ ಹರಳಿನ ತೂಕದಲ್ಲಿ ಸುಮಾರು ಶೇ. 47 ಭಾಗ ನೀರೇ ಇದೆ. ಕಾದ ಕಬ್ಬಿಣದ ಮೇಲೆ ಬಿದ್ದ ಕೂಡಲೇ ಭಟ್ಟಿಯ ಮಂಡಕ್ಕಿಯಂತೆ ಉಬ್ಬಿ ಎದ್ದು, ಅರ್ಧ ಉದುರಿ ಬೆಂಕಿಗೆ ಬೀಳುತ್ತದೆ, ಉಳಿದದ್ದು ಸಂದಿನೊಳಗೆ ಇಳಿಯುವುದಿಲ್ಲ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಉಬ್ಬುವುದು ನಿಲ್ಲುವ ತನಕ ಹುರಿದು, ಆರಿದ ಮೇಲೆ ಕುಟ್ಟಿ ಪುಡಿ ಮಾಡಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ತೇವ ಹೀರಿಕೊಂಡು ಮತ್ತೆ ಗಂಟು ಕಟ್ಟುತ್ತದೆ, ಮತ್ತೊಮ್ಮೆ ಹುರಿಯಬೇಕಾಗುತ್ತದೆ. ಅಡುಗೆ ಮನೆಯ ಬಾಣಲೆಯನ್ನು ಇದಕ್ಕೆ ಬಳಸಬೇಡಿ.

ಹಾಕುವ ಹೊತ್ತು ಮುಖ್ಯ. ತುಂಡು ಕೆಂಪಿನಿಂದ ಕಿತ್ತಳೆಗೆ ತಿರುಗುವಾಗ, ಸುಮಾರು 850–900 ಡಿಗ್ರಿಯಲ್ಲಿ, ಹೊರಗೆ ತೆಗೆದು, ವೈರ್ ಬ್ರಶ್‌ನಿಂದ ಹಕ್ಕಳೆ ಉಜ್ಜಿ ಕೆಡವಿ, ತೆರೆದ ಬಾಯಿಗೂ ಅಂಚುಗಳಿಗೂ ಅರ್ಧ ಚಮಚ ಉದುರಿಸಿ. ಬಿಳಿಗಾರ 740 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ಆ ಕಾವಿನಲ್ಲಿ ತಾನಾಗಿ ಹರಿದು ಒಳಗಿಳಿಯುತ್ತದೆ. ಮೈಯನ್ನು ಗಾಳಿಯಿಂದ ಮುಚ್ಚಿ, ಆಗಲೇ ಕಟ್ಟಿದ ತೆಳು ಹಕ್ಕಳೆಯನ್ನು ಕರಗಿಸಿಕೊಳ್ಳುತ್ತದೆ. ದಪ್ಪ ಹಕ್ಕಳೆ ಕಟ್ಟಿದ ಮೇಲೆ ಸುರಿದರೆ ಅದನ್ನೆಲ್ಲ ಕರಗಿಸುವ ಶಕ್ತಿ ಅದಕ್ಕಿಲ್ಲ. ಬಿಳಿಗಾರ ಅಂಟಲ್ಲ; ಅದು ಬಂದ ಕೆಲಸ ಮುಗಿಸಿ ಪೂರ್ತಿ ಹೊರಗೆ ಹೋಗಬೇಕು. ಗಾಜಿನ ಪೊರೆ ದಪ್ಪಗೆ ಸಿಗುತ್ತಿದ್ದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ. ಹೆಚ್ಚಾದ ಬಿಳಿಗಾರ ಕುಲುಮೆಯ ಇಟ್ಟಿಗೆಯನ್ನೂ ತಿನ್ನುತ್ತದೆ.

ಹಳೆಯ ಎತ್ತಿನ ಗಾಡಿಯ ಹಳಿ ಕೈಗೆ ಸಿಕ್ಕವರು ನುಣ್ಣನೆಯ ಹೊಳೆ ಮರಳನ್ನೇ ಹಾಕಿ ಬೆಸೆಯುವುದನ್ನು ನೋಡಿರಬಹುದು. ಅದು ತಪ್ಪಲ್ಲ. ಮರಳಿನ ಸಿಲಿಕಾ ಹಕ್ಕಳೆಯೊಡನೆ ಸೇರಿ 1200 ಡಿಗ್ರಿಯ ಸುತ್ತ ಕರಗುತ್ತದೆ, ಮೆದು ಕಬ್ಬಿಣ ಅದಕ್ಕಿಂತ ಮೇಲಿನ ಕಾವಿನಲ್ಲಿ ಬೆಸೆಯುವುದರಿಂದ ಕೆಲಸ ನಡೆಯುತ್ತದೆ. ಅದೇ ಮರಳನ್ನು ಕಾರ್ಬನ್ ಉಕ್ಕಿಗೆ ಹಾಕಿದರೆ ಮರಳು ಕರಗುವಷ್ಟರಲ್ಲಿ ಉಕ್ಕು ಸುಡುವ ಹಂತಕ್ಕೆ ಬಂದಿರುತ್ತದೆ. ಹಳಿ ಮೆದು ಕಬ್ಬಿಣದ್ದೋ ಅಲ್ಲವೋ ತಿಳಿಯಲು ಅರ್ಧ ಗರಗಸ ಹಾಕಿ ಬಗ್ಗಿಸಿ ಮುರಿಯಿರಿ. ನಾರುನಾರಾಗಿ ಹರಿದರೆ ಮೆದು ಕಬ್ಬಿಣ.

ಹೊಡೆತ

ಕಾವು ಸರಿ, ಮುಖ ಶುಚಿ, ಆದರೂ ಅಂಚು ಹಿಡಿಯುತ್ತಿಲ್ಲ ಎಂದರೆ ಸಮಯ ನೋಡಿಕೊಳ್ಳಿ. ಬೆಂಕಿಯಿಂದ ಹೊರಬಂದ ತುಂಡಿಗೆ ಎರಡು ಸೆಕೆಂಡಿನೊಳಗೆ ಮೊದಲ ಪೆಟ್ಟು ಬೀಳಬೇಕು. ಕುಲುಮೆಗೂ ಅಡಿಗಲ್ಲಿಗೂ ಒಂದು ಹೆಜ್ಜೆ ಅಂತರ ಇದ್ದರೆ ಸಾಕು. ಸುತ್ತಿಗೆ ಅಡಿಗಲ್ಲಿನ ಮೇಲೇ ಇರಲಿ, ಹಿಡಿ ನಿಮ್ಮ ಕಡೆ ತಿರುಗಿರಲಿ. ತಣ್ಣನೆಯ ತುಂಡು ಹಿಡಿದು ಈ ಓಟವನ್ನು ಹತ್ತಿಪ್ಪತ್ತು ಸಲ ಮಾಡಿ ಕೈಗೆ ರೂಢಿ ಮಾಡಿಕೊಳ್ಳಿ. ಅಡಿಗಲ್ಲು ತಣ್ಣಗಿದ್ದರೆ ಕೆಳಮುಖದ ಕಾವನ್ನು ಅದೇ ಹೀರುತ್ತದೆ. ಬೆಳಗಿನ ಮೊದಲ ಬೆಸುಗೆಗೆ ಮುಂಚೆ ಕೆಂಪಗೆ ಕಾಸಿದ ಒಂದು ದಪ್ಪ ಕಬ್ಬಿಣವನ್ನು ಹತ್ತು ನಿಮಿಷ ಅದರ ಮೇಲೆ ಮಲಗಿಸಿ.

ಮೊದಲ ನಾಲ್ಕೈದು ಪೆಟ್ಟು ಹಗುರ, ಚುರುಕು. ಬೆಸುಗೆ ಕಾವಿನಲ್ಲಿ ಮುಖಗಳು ಮುಟ್ಟಿದರೇ ಹಿಡಿಯುತ್ತವೆ. ಚಮ್ಮಟಿಗೆಯ ಭಾರೀ ಪೆಟ್ಟು ಮೇಲಿನ ಪದರವನ್ನು ಕೆಳಗಿನದರ ಮೇಲೆ ಜಾರಿಸುತ್ತದೆ. ಮಡಿಕೆ ಇರುವ ಕಡೆಯಿಂದ ಶುರು ಮಾಡಿ ತೆರೆದ ಬಾಯಿಯ ಕಡೆ ಹೋಗಬೇಕು, ಆಗ ಕರಗಿದ ಕಿಟ್ಟ ಮುಂದೆ ಮುಂದೆ ಓಡಿ ಹೊರಬೀಳುತ್ತದೆ. ಬಾಯಿ ಕಡೆಯಿಂದ ಹೊಡೆದರೆ ದಾರಿ ಮುಚ್ಚಿ ಕಿಟ್ಟ ಒಳಗೇ ಉಳಿಯುತ್ತದೆ. ಹೊಡೆಯುವಾಗ ಕಾದ ಬಿಳಿಗಾರ ಪಕ್ಕಕ್ಕೆ ಚಿಮ್ಮುತ್ತದೆ. ಹತ್ತಿ ಬಟ್ಟೆ, ಮುಚ್ಚಿದ ಚಪ್ಪಲಿ ಅಥವಾ ಬೂಟು, ಕನ್ನಡಕ ಬೇಕೇ ಬೇಕು. ಎದುರಿಗೆ ಮಕ್ಕಳನ್ನು ನಿಲ್ಲಿಸಬೇಡಿ.

ಬಣ್ಣ ಕಿತ್ತಳೆಗೆ ಇಳಿದ ಕೂಡಲೇ ಕೈ ನಿಲ್ಲಿಸಿ. ಆಗಲೇ ಹಿಡಿದ ಬೆಸುಗೆ ಅನೇಕ ಸಲ ಬಿಡುವುದು ಇಲ್ಲಿಯೇ, ಆರಿದ ಮೇಲೆ ಇನ್ನೊಂದು ನಾಲ್ಕು ಪೆಟ್ಟು ಕೊಡುವುದರಲ್ಲಿ. ಬ್ರಶ್ ಹಾಕಿ, ಅಂಚಿಗೆ ಸ್ವಲ್ಪ ಬಿಳಿಗಾರ ಉದುರಿಸಿ, ಎರಡನೆಯ ಸಲ ಪೂರ್ತಿ ಬೆಸುಗೆ ಕಾವಿಗೆ ತಂದು ಈಗ ಗಟ್ಟಿಯಾಗಿ ಹೊಡೆಯಿರಿ. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹೊಡೆಯುವುದು ಈ ಎರಡನೆಯ ಕಾವಿನ ಕೊನೆಗೆ ಮಾತ್ರ, ಮೊದಲನೆಯದರಲ್ಲಿ ಅಲ್ಲ.

ಎರಡು ಬಿಡಿ ತುದಿಗಳನ್ನು ಸೇರಿಸುವಾಗ

ಮಡಿಕೆಯ ಬೆಸುಗೆ ಸತತವಾಗಿ ಹಿಡಿಯತೊಡಗಿದ ಮೇಲೆ ಬಿಡಿ ತುದಿಗಳಿಗೆ ಬನ್ನಿ. ಇಲ್ಲಿ ಹೊಸ ದೋಷ ಆಕಾರದ್ದು. ತುದಿಯನ್ನು ಮೊದಲು ಕುಟ್ಟಿ ಮೂಲ ದಪ್ಪದ ಒಂದೂಕಾಲರಿಂದ ಒಂದೂವರೆ ಪಾಲಿಗೆ ದಪ್ಪ ಮಾಡಬೇಕು, ಏಕೆಂದರೆ ಬೆಸುಗೆಯ ಪೆಟ್ಟಿಗೆ ಅಷ್ಟು ಲೋಹ ತೆಳುವಾಗಿ ಹೋಗುತ್ತದೆ. ಆಮೇಲೆ ದಪ್ಪದ ಒಂದೂವರೆಯಿಂದ ಎರಡು ಪಾಲು ಉದ್ದಕ್ಕೆ ಓರೆ ಮಾಡಿ. ಓರೆಯ ಮುಖ ನಡುವೆ ಸ್ವಲ್ಪ ಉಬ್ಬಿರಲಿ, ತಗ್ಗಾಗಬಾರದು. ಉಬ್ಬಿದ ನಡು ಮೊದಲು ಮುಟ್ಟಿದರೆ ಕಿಟ್ಟ ಬದಿಗೆ ಹೋಗುತ್ತದೆ. ಓರೆಯ ತುದಿಯನ್ನು ಕತ್ತಿಯ ಅಂಚಿನಷ್ಟು ತೆಳ್ಳಗೆ ಎಳೆಯಬೇಡಿ, ಒಂದೂವರೆ ಎರಡು ಮಿ.ಮೀ. ಉಳಿಸಿ. ತೆಳು ತುದಿ ಮೈಗಿಂತ ಮೊದಲೇ ಸುಡುತ್ತದೆ, ಹೊರಗೆ ತಂದಾಗ ಮೊದಲೇ ಆರುತ್ತದೆ. ಹೊಡೆಯುವ ಕ್ರಮ: ನಡುವೆ ಒಂದೆರಡು, ಕೂಡಲೇ ಮೇಲಿನ ತೆಳು ತುದಿಗೆ, ಮಗುಚಿ ಕೆಳಗಿನ ತೆಳು ತುದಿಗೆ.

ಜೊತೆ ಕೂರದೆ ಜಾರುತ್ತಿದ್ದರೆ ಗ್ಯಾಲ್ವನೈಸ್ (ಸತುವಿನ ಲೇಪ) ಇಲ್ಲದ ಕಪ್ಪು ಬೈಂಡಿಂಗ್ ವೈರಿನಿಂದ ಕಟ್ಟಿ ಕಾಸಬಹುದು. ಒಂದು ಮೂಲೆಗೆ ಕರೆಂಟ್ ವೆಲ್ಡಿಂಗ್ ಟಾಕಾ ಹಾಕಿದರೂ ತಪ್ಪಿಲ್ಲ, ಕೊನೆಗೆ ಆ ಮೂಲೆ ಕತ್ತರಿಸಿ ತೆಗೆಯಿರಿ.

ದೋಷ ಲೋಹದಲ್ಲೇ ಇದ್ದರೆ

ಗುಜರಿ ಕಬ್ಬಿಣದಿಂದ ಕಲಿಕೆ ಶುರು ಮಾಡಬೇಡಿ. ಬೆಲೆ ಕಡಿಮೆ ನಿಜ, ಆದರೆ ಬೆಸುಗೆ ಬಿಟ್ಟಾಗ ಕೈಯ ತಪ್ಪೋ ಲೋಹದ ತಪ್ಪೋ ತಿಳಿಯದೆ ಒಂದು ತಿಂಗಳು ಕಳೆದುಹೋಗುತ್ತದೆ. ಟಿಎಂಟಿ ಕಂಬಿಯ ಒಳಹುರುಳು ಕಂಬಿಯಿಂದ ಕಂಬಿಗೆ ಬೇರೆ, ಮೈಯ ಗೀರುಗಳಲ್ಲಿ ಹಕ್ಕಳೆ ಉಳಿಯುತ್ತದೆ. ಸ್ಟೇನ್‌ಲೆಸ್ ಮೇಲಿನ ಕ್ರೋಮಿಯಂ ಪೊರೆಯನ್ನು ಬರಿಯ ಬಿಳಿಗಾರ ಕರಗಿಸಲಾರದು. ಗ್ಯಾಲ್ವನೈಸ್ ಆದ ಪೈಪು, ತಗಡು, ಬೋಲ್ಟು, ಸರಪಳಿ ಕುಲುಮೆಯ ಹತ್ತಿರಕ್ಕೂ ಬರಬಾರದು. ಸತು 907 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ, ಆ ಬಿಳಿ ಹೊಗೆ ಕುಡಿದವರಿಗೆ ಚಳಿಜ್ವರ ಹಿಡಿಯುತ್ತದೆ. ಹಿತ್ತಾಳೆ, ತಾಮ್ರ ಕಾಸಿದ ಬೆಂಕಿಯನ್ನು ಪೂರ್ತಿ ತೆಗೆದು ಹೊಸ ಬೆಂಕಿ ಹಾಕಿ.

ರಾಷ್ಟ್ರೀಯ ಹೆದ್ದಾರಿ 48ರ ಉದ್ದಕ್ಕೂ ಗುಜರಿ ಅಂಗಡಿಗಳಲ್ಲಿ ಲಾರಿಯ ಕಮಾನ್ ಪಟ್ಟಿ ಧಾರಾಳ. ಗುದ್ದಲಿ, ಎಡೆಕುಂಟೆಯ ಬಾಯಿಗೆ ಇದೇ ಉಕ್ಕನ್ನು ಬೆಸೆಯುವ ಆಸೆ ಎಲ್ಲರಿಗೂ ಇರುತ್ತದೆ. ಮಾಡಬಹುದು, ಆದರೆ ಎರಡನೆಯ ಹಂತದಲ್ಲಿ. ಒಂದು ಬದಿ ಎಂಎಸ್, ಇನ್ನೊಂದು ಬದಿ ಕಮಾನ್ ಪಟ್ಟಿ ಇರುವಾಗ ಎರಡಕ್ಕೂ ಬೇಕಾದ ಕಾವು ಬೇರೆ. ಎಂಎಸ್ ಬದಿಯನ್ನು ಬೆಂಕಿಯ ಬಿಸಿ ನಡುವಿಗೆ, ಉಕ್ಕಿನ ಬದಿಯನ್ನು ತಂಪಿನ ಕಡೆಗೆ ಇಟ್ಟು, ಉಕ್ಕು ತಿಳಿ ಹಳದಿ ದಾಟದಂತೆ ನೋಡಿಕೊಳ್ಳಿ. ಉಕ್ಕಿನ ಮುಖ ಉದುರುದುರಾಗಿದ್ದು ಎಂಎಸ್ ಮುಖ ಚೆನ್ನಾಗಿದ್ದರೆ ಇಟ್ಟ ಬದಿ ತಲೆಕೆಳಗಾಗಿದೆ. ಕಮಾನ್ ಪಟ್ಟಿಯ ಹಳೆಯ ಬಿರುಕುಗಳು ಕಣ್ಣಿಗೆ ಕಾಣುವುದಿಲ್ಲ. ಬೋಲ್ಟ್ ತೂತಿನ ಸುತ್ತಲಿನ ಭಾಗ ಬಿಟ್ಟು ಬೇರೆ ಕಡೆಯಿಂದ ಕತ್ತರಿಸಿಕೊಳ್ಳಿ.

ಬೆಸುಗೆ ಗಟ್ಟಿ, ಪಕ್ಕದಲ್ಲಿ ಮುರಿತ

ಮುರಿದ ಜಾಗದ ಕಾಳು ದಪ್ಪಗೆ, ಸಕ್ಕರೆ ಹರಳಿನಷ್ಟು ಮಿನುಗುತ್ತಿದ್ದರೆ ಅತಿ ಕಾವಿನಲ್ಲಿ ಲೋಹದ ಕಣಗಳು ಬೆಳೆದಿವೆ. ಬೆಸುಗೆ ಮುಗಿದ ಮೇಲೆ ತುಂಡನ್ನು ಸುಮಾರು 900 ಡಿಗ್ರಿಗೆ, ಕಿತ್ತಳೆಗೆ ತಿರುಗುವ ಕೆಂಪಿಗೆ ಕಾಸಿ ನಿಂತ ಗಾಳಿಯಲ್ಲಿ ಪೂರ್ತಿ ಕಪ್ಪಾಗುವ ತನಕ ಆರಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಕಣಗಳು ಮತ್ತೆ ಸಣ್ಣಗಾಗುತ್ತವೆ. ನೀರು ತಾಗಬಾರದು, ಮುಖ್ಯವಾಗಿ ಕಮಾನ್ ಪಟ್ಟಿ ಸೇರಿದ್ದರೆ. ಹದ ಕೊಡುವುದು ಇದೆಲ್ಲ ಆದ ಮೇಲಿನ ಬೇರೆ ಕೆಲಸ. ಕಾಳು ಸಣ್ಣದಿದ್ದೂ ಮುರಿದಿದ್ದರೆ ದಪ್ಪ ಅಳೆದು ನೋಡಿ, ಬೆಸುಗೆಯ ಪಕ್ಕದಲ್ಲಿ ಸರಳು ತೆಳುವಾಗಿರುತ್ತದೆ: ತುದಿ ದಪ್ಪ ಮಾಡದೆ ಬೆಸೆದಿದ್ದೀರಿ, ಅಥವಾ ಸುತ್ತಿಗೆಯ ಅಂಚಿನಿಂದ ಗೀರು ಹಾಕಿದ್ದೀರಿ.

ಹಿಡಿದಿದೆ ಎಂದು ಹೇಳುವ ಮುಂಚೆ

ಕಾದಿರುವಾಗಲೇ ಒಂದು ಸುಲಭ ಗುರುತು ಸಿಗುತ್ತದೆ. ತುಂಡನ್ನು ನೆರಳಲ್ಲಿ ಹಿಡಿದು ಕೆಂಪಿನಿಂದ ಆರುವುದನ್ನು ನೋಡಿ. ಹಿಡಿಯದ ಕಡೆ ಮೇಲಿನ ಪದರ ಬೇಗ ಆರಿ, ಅಂಚಿನಲ್ಲಿ ಕಪ್ಪು ಗೆರೆ ಅಥವಾ ಮಂಕು ತೇಪೆ ಕಾಣುತ್ತದೆ. ಅಲ್ಲಿಗೇ ಮತ್ತೆ ಬಿಳಿಗಾರ, ಮತ್ತೆ ಕಾವು.

ಆರಿದ ಮೇಲೆ ಅಂಚನ್ನು ಗ್ರೈಂಡರ್‌ನಿಂದ ಹೊಳಪು ಮಾಡಿ, ನಿಂಬೆರಸ ಅಥವಾ ವಿನೆಗರ್ ಹಚ್ಚಿ ಒಂದು ಗಂಟೆ ಬಿಡಿ. ಬಿಟ್ಟ ಸಂದು ಕಪ್ಪು ಕೂದಲೆಳೆಯಾಗಿ ಎದ್ದು ಕಾಣುತ್ತದೆ. ಕೊನೆಗೆ ವೈಸ್‌ನಲ್ಲಿ ಹಿಡಿದು ಬೆಸುಗೆಯ ನಡುವಿಗೇ 90 ಡಿಗ್ರಿ ಬಗ್ಗಿಸಿ, ಮತ್ತೆ ನೇರ ಮಾಡಿ. ಪದರ ಬಾಯಿ ಬಿಡದಿದ್ದರೆ ಬೆಸುಗೆ ಹಿಡಿದಿದೆ.

ಮತ್ತೆ ಮತ್ತೆ ಬಿಡುತ್ತಿದ್ದರೆ ಬದಲಾವಣೆ ಒಂದು ಸಲಕ್ಕೆ ಒಂದೇ ಇರಲಿ, ಈ ಕ್ರಮದಲ್ಲಿ: ಮೊದಲು ಕೆಂಡದ ಆಳ, ಆಮೇಲೆ ಗಾಳಿ, ನೆನೆಸುವ ಹೊತ್ತು, ಬಿಳಿಗಾರ ಹಾಕುವ ಹೊತ್ತು, ಕೊನೆಗೆ ಹೊಡೆತ. ಬಿಡಿಸಿದ ತುಂಡಿನ ಮೇಲೆ ಏನು ಬದಲಿಸಿದ್ದು ಎಂದು ಬಣ್ಣದ ಪೆನ್ನಿನಿಂದ ಬರೆದು ಸಾಲಾಗಿ ಇಡಿ. ಒಂದೇ ತುಂಡನ್ನು ಮೂರು ಸಲಕ್ಕಿಂತ ಹೆಚ್ಚು ಬೆಸುಗೆ ಕಾವಿಗೆ ತರಬೇಡಿ. ಅಷ್ಟರಲ್ಲಿ ಅದು ಹಕ್ಕಳೆಗೆ ಸೋತು ತೆಳುವಾಗಿರುತ್ತದೆ. ಕತ್ತರಿಸಿ ಹಾಕಿ, ಹೊಸ ಪಟ್ಟಿಯ ಒಳಮುಖ ಉಜ್ಜುವುದರಿಂದ ಶುರು ಮಾಡಿ.